ಗಾಲಿ ಮೇಲಿನ ಮನೆಗೆ ನಿಲ್ಲೋಕೆ ಜಾಗ ಎಲ್ಲಿದೆ?

ಟೈರಿನ ಮೇಲೆ ಸೀಮೆಸುಣ್ಣದ ಒಂದು ಗೀಟು. ಬೆರಳುದ್ದ, ಅಷ್ಟೇ. ನಾನು ಬೆಳಗ್ಗೆ ವಾಕಿಂಗ್ ಹೋಗುವ ರಸ್ತೆಯಲ್ಲಿ ಹಳೇ ಆರ್‌ವಿಗಳು ಸಾಲಾಗಿ ನಿಂತಿರುತ್ತವೆ. ಹಾಸಿಗೆ, ಒಲೆ, ಪುಟ್ಟ ಬಚ್ಚಲು ಎಲ್ಲ ಒಳಗೇ ಇರುವ ದೊಡ್ಡ ಗಾಡಿಗಳು. ಅದರಲ್ಲೊಂದರ ಹಿಂದಿನ ಚಕ್ರಕ್ಕೆ ಯಾರೋ ಗೀಚಿ ಹೋಗಿದ್ದರು. ಮೊದಲು ಮಕ್ಕಳ ಆಟ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಸಮಯ ಅಳೆಯುವ ಗುರುತು. ಕ್ಯಾಲಿಫೋರ್ನಿಯಾದ ಬಹಳಷ್ಟು ಊರುಗಳಲ್ಲಿ ಒಂದು ಗಾಡಿ ರಸ್ತೆ ಬದಿಯಲ್ಲಿ ಒಂದೇ ಕಡೆ 72 ಗಂಟೆಗಿಂತ ಜಾಸ್ತಿ ನಿಲ್ಲುವಂತಿಲ್ಲ. ಮೂರು ದಿನ ಬಿಟ್ಟು ಬಂದಾಗ ಗೀಟು ಇದ್ದಲ್ಲೇ ಇದ್ದರೆ ಗಾಡಿ ಅಲ್ಲಾಡಿಲ್ಲ ಅಂತ ಲೆಕ್ಕ. ಟೋ ಮಾಡಿಕೊಂಡು ಹೋಗಬಹುದು. ಹೀಗೆ ಟೈರಿಗೆ ಗೀಟು ಎಳೆಯುವುದು ಸರಿಯೋ ತಪ್ಪೋ ಅನ್ನುವುದೂ ಕೋರ್ಟಿನ ತನಕ ಹೋಗಿದೆ. 2022ರಲ್ಲಿ ಸ್ಯಾನ್ ಡಿಯಾಗೊದ ಕೇಸಿನಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಎಳೆಯಬಹುದು ಅಂತಲೇ ಹೇಳಿತು.

ಅದೇ ವಾರ ಮೈಸೂರಿನಿಂದ ನನ್ನ ಅಕ್ಕನ ಮಗ ಒಂದು ವಿಡಿಯೊ ಕಳಿಸಿದ. ಬಿಳೀ ವ್ಯಾನು. ಒಳಗೆಲ್ಲ ನುಣುಪಾದ ಮರದ ಹಲಗೆ. ಹಿಂದಿನ ಬಾಗಿಲು ತೆಗೆದರೆ ಎದುರಿಗೇ ಸಮುದ್ರ. ಹಾಸಿಗೆ ಮೇಲೆ ಕೂತು ಕಾಫಿ ಕುಡಿಯುವ ಹುಡುಗಿ. ‘ಮಾಮ, ನಾನೂ ಒಂದು ಟಿಟಿ ತಗೊಂಡು ಹೀಗೇ ಇದ್ದುಬಿಡ್ಲಾ?’ ಅಂತ ಕೇಳಿದ್ದ. ಸುಮ್ನೆ ಕೇಳಿದ್ದಲ್ಲ. ಬೆಂಗಳೂರಿನಲ್ಲಿ ಬಾಡಿಗೆ, ಅಡ್ವಾನ್ಸು ಕಟ್ಟಿ ಕಟ್ಟಿ ಅವನಿಗೆ ಸಾಕಾಗಿದೆ.

ಅವನಿಗೆ ಏನು ಹೇಳಲಿ ಅಂತ ಯೋಚಿಸುತ್ತಾ ಈ ವಿಷಯವನ್ನು ಸ್ವಲ್ಪ ಆಳಕ್ಕಿಳಿದು ನೋಡಿದೆ. ಗಾಡಿಯಲ್ಲಿ ಬದುಕುವುದು ಅಂದರೆ ಓಡಾಡುತ್ತಾ ಇರುವುದು ಅಂತ ನಾವು ತಿಳಿದಿರುತ್ತೇವೆ. ನನಗೆ ಕಂಡದ್ದು ಬೇರೆ. ಈ ಬದುಕಿನ ಕಷ್ಟ ಸುಖವೆಲ್ಲ ಇರುವುದು ನಿಲ್ಲುವುದರಲ್ಲಿ. ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ, ಎಷ್ಟು ದಿನ, ಯಾರು ಬಂದು ಏಳಿಸುತ್ತಾರೆ. ಇಷ್ಟು ಕೇಳಿದರೆ ಆ ಮನುಷ್ಯನ ಅರ್ಧ ಕಥೆ ಗೊತ್ತಾಗಿಬಿಡುತ್ತದೆ.

ಅಮೆರಿಕದಲ್ಲಿ ಇದಕ್ಕೆ ಎರಡು ಬೇರುಗಳಿವೆ. ‘ವ್ಯಾನ್‌ಲೈಫ್’ ಅನ್ನುವ ಹ್ಯಾಶ್‌ಟ್ಯಾಗ್ ಚಾಲ್ತಿಗೆ ಬಂದದ್ದು 2011ರಲ್ಲಿ. ಫಾಸ್ಟರ್ ಹಂಟಿಂಗ್ಟನ್ ಎಂಬ ಯುವಕ ನ್ಯೂಯಾರ್ಕಿನ ಫ್ಯಾಷನ್ ಕಂಪನಿಯ ಕೆಲಸ ಬಿಟ್ಟು, 1987ರ ಫೋಕ್ಸ್‌ವ್ಯಾಗನ್ ವ್ಯಾನ್ ಕೊಂಡು, ಹೋದಲ್ಲೆಲ್ಲ ಫೋಟೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಿದರು. ನನ್ನ ಅಕ್ಕನ ಮಗ ನೋಡಿದ ವಿಡಿಯೊ ಆ ಬೇರಿನಿಂದ ಬಂದದ್ದು.

ಇನ್ನೊಂದು ಬೇರು ಹಳೆಯದು. 1995ರಲ್ಲಿ ಬಾಬ್ ವೆಲ್ಸ್ ಅಲಾಸ್ಕಾದ ಆಂಕರೇಜ್‌ನಲ್ಲಿ ದಿನಸಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ವಿಚ್ಛೇದನ ಆಗಿತ್ತು. ಮಕ್ಕಳ ಖರ್ಚು, ಬಾಡಿಗೆ ಕೊಟ್ಟ ಮೇಲೆ ಸಂಬಳದಲ್ಲಿ ಏನೂ ಉಳಿಯುತ್ತಿರಲಿಲ್ಲ. ಕೊನೆಗೆ ಹಳೇ ಡಬ್ಬದ ವ್ಯಾನ್ ಒಂದನ್ನು ಕೊಂಡು ಅದರಲ್ಲೇ ಮಲಗಿದರು. ಮೊದಲ ರಾತ್ರಿ ಅತ್ತಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಆ ಬದುಕೇ ಹಿಡಿಸಿತು. ಕಡಿಮೆ ದುಡ್ಡಿನಲ್ಲಿ ಗಾಡಿಯಲ್ಲಿ ಬದುಕುವುದು ಹೇಗೆ ಅಂತ ಬೇರೆಯವರಿಗೆ ಹೇಳಿಕೊಡಲು ಶುರು ಮಾಡಿದರು. ಅವರು ಆರಂಭಿಸಿದ ‘ರಬ್ಬರ್ ಟ್ರ್ಯಾಂಪ್ ರಾಂಡೆವೂ’ ಎಂಬ ಜಾತ್ರೆಯಂಥ ಕೂಟಕ್ಕೆ ಅರಿಜೋನಾದ ಕ್ವಾರ್ಟ್‌ಜೈಟ್ ಮರುಭೂಮಿಗೆ ಸಾವಿರಾರು ಗಾಡಿಗಳು ಬಂದಿವೆ.

ಒಬ್ಬರು ಇಷ್ಟಪಟ್ಟು ಹೋದರು, ಇನ್ನೊಬ್ಬರು ವಿಧಿಯಿಲ್ಲದೆ ಹೋಗಿ ಇಷ್ಟಪಟ್ಟರು. ಇವೆರಡನ್ನೂ ಬೇರೆ ಬೇರೆ ಡಬ್ಬದಲ್ಲಿಟ್ಟು ಮುಚ್ಚಳ ಹಾಕೋದು ನನಗೆ ಸರಿ ಕಾಣುವುದಿಲ್ಲ. ಒಂದೇ ಮನುಷ್ಯ ಒಂದೇ ವರ್ಷದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರಬಹುದು. ಕೆಲಸ ಹೋದರೆ, ಕಾಯಿಲೆ ಬಂದರೆ, ಎಂಜಿನ್ ಕೆಟ್ಟರೆ ಸಾಕು. ಆದರೆ ಸರ್ಕಾರದ ಲೆಕ್ಕಕ್ಕೆ ಡಬ್ಬಗಳು ಬೇಕು. ಪ್ರತಿ ಜನವರಿಯ ಒಂದು ರಾತ್ರಿ ಅಮೆರಿಕದ ಉದ್ದಗಲಕ್ಕೂ ಮನೆಯಿಲ್ಲದವರನ್ನು ಎಣಿಸುತ್ತಾರೆ. ಬೇರೆ ಗತಿಯಿಲ್ಲದೆ ಕಾರಿನಲ್ಲಿ, ವ್ಯಾನಿನಲ್ಲಿ ಮಲಗಿದವರೂ ಅದರಲ್ಲಿ ಸೇರುತ್ತಾರೆ. 2024ರಲ್ಲಿ ಹೀಗೆ ಸಿಕ್ಕ ಒಟ್ಟು ಲೆಕ್ಕ 7,71,480. ಹಿಂದಿನ ವರ್ಷಕ್ಕಿಂತ 18 ಶೇಕಡಾ ಜಾಸ್ತಿ.

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. 2024ರ ಆರಂಭದಲ್ಲಿ ನಿವೃತ್ತರಿಗೆ ಸೋಶಿಯಲ್ ಸೆಕ್ಯುರಿಟಿಯಿಂದ ಸಿಗುತ್ತಿದ್ದ ಪಿಂಚಣಿ ಸರಾಸರಿ ತಿಂಗಳಿಗೆ 1,900 ಡಾಲರ್ ಆಸುಪಾಸು. ನಾವಿರುವ, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಮೌಂಟನ್ ವ್ಯೂ, ಸನ್ನಿವೇಲ್ ಕಡೆ ಒಂದು ಬೆಡ್‌ರೂಮಿನ ಮನೆಗೆ ಬಾಡಿಗೆಯೇ ಅದಕ್ಕಿಂತ ಜಾಸ್ತಿ. ಉಳಿದದ್ದು ನೀವೇ ಲೆಕ್ಕ ಹಾಕಿ.

ಈಗ ಗಾಡಿಯೊಳಗೆ ಬರೋಣ. ‘ಕಡಿಮೆ ಸಾಮಾನು, ಹೆಚ್ಚು ನೆಮ್ಮದಿ’ ಅನ್ನುವ ಮಾತು ಇಲ್ಲಿ ಅಕ್ಷರಶಃ ಏನು ಅಂತ ನೋಡಬೇಕು ಅನ್ನಿಸಿ, ನಾವು ಗಂಡ ಹೆಂಡತಿ ಒಂದು ವ್ಯಾನ್ ಬಾಡಿಗೆಗೆ ತೆಗೆದುಕೊಂಡು ಅರಿಜೋನಾ ಕಡೆ ಹತ್ತು ದಿನ ಇದ್ದೆವು. ಹತ್ತು ದಿನದಲ್ಲಿ ಎಲ್ಲ ಗೊತ್ತಾಗುವುದಿಲ್ಲ. ಆದರೆ ನೀರಿನ ಲೆಕ್ಕ ಎರಡನೇ ದಿನಕ್ಕೇ ಗೊತ್ತಾಯಿತು.

ಅಮೆರಿಕದ ಮನೆಗಳಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 300 ಲೀಟರ್ ನೀರು ಖರ್ಚಾಗುತ್ತದೆ. ನಮ್ಮ ವ್ಯಾನಿನಲ್ಲಿದ್ದದ್ದು 26 ಲೀಟರಿನ ಎರಡು ಕ್ಯಾನು. ಇಬ್ಬರಿಗೆ ನಾಲ್ಕು ದಿನ ಬರಬೇಕು. ಮೊದಲ ದಿನ ಪಾತ್ರೆ ತೊಳೆಯುವಾಗ ಅಭ್ಯಾಸಬಲದಿಂದ ನಲ್ಲಿ ಬಿಟ್ಟೇ ಇಟ್ಟಿದ್ದೆ. ಕಾಲು ಕ್ಯಾನು ಖಾಲಿ. ಮಾರನೇ ದಿನ ಹೆಂಡತಿ ನಲ್ಲಿಯನ್ನೇ ಮರೆತು, ಅವಳ ಅಜ್ಜಿ ಮಾಡುತ್ತಿದ್ದ ಹಾಗೆ ಮಾಡಿದಳು. ಒಂದು ಬಟ್ಟಲು ನೀರು. ಮೊದಲು ಲೋಟ, ಆಮೇಲೆ ತಟ್ಟೆ, ಕೊನೆಗೆ ಬಾಣಲೆ. ಅದೇ ನೀರನ್ನು ಕಡೆಯಲ್ಲಿ ಬಕೆಟ್ಟಿಗೆ. ವಾರಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ, ಅಲ್ವಾ? ಕೊಳೆ ನೀರನ್ನು ಕಂಡಲ್ಲಿ ಚೆಲ್ಲುವಂತಿಲ್ಲ. ಕಕ್ಕಸಿನ ಡಬ್ಬ ತುಂಬಿದರೆ ಅದನ್ನು ಖಾಲಿ ಮಾಡುವುದಕ್ಕೇ ಅಂತ ಇರುವ ಡಂಪ್ ಸ್ಟೇಷನ್‌ಗೆ ಹೋಗಬೇಕು. ನಾವು ಅದಕ್ಕೇ ಅಂತ 40 ಕಿಲೋಮೀಟರ್ ಓಡಿಸಿದೆವು.

ಕರೆಂಟೂ ಹಾಗೇ. ಮೇಲ್ಛಾವಣಿಯ 200 ವ್ಯಾಟ್ ಸೋಲಾರ್ ಪ್ಯಾನೆಲ್‌ಗೆ ಐದು ಗಂಟೆ ಒಳ್ಳೆಯ ಬಿಸಿಲು ಸಿಕ್ಕರೆ ದಿನಕ್ಕೆ ಒಂದು ಯೂನಿಟ್. ತಿಂಗಳಿಗೆ 30. ಗೃಹಜ್ಯೋತಿಯ ಮಿತಿಯೇ 200 ಯೂನಿಟ್ ಅನ್ನುವುದನ್ನು ನೆನೆಸಿಕೊಳ್ಳಿ. ಆ ಒಂದು ಯೂನಿಟ್‌ನಲ್ಲಿ ಅರ್ಧದಷ್ಟನ್ನು ಸಣ್ಣ ಫ್ರಿಜ್ಜೇ ತಿನ್ನುತ್ತದೆ. ಉಳಿದದ್ದು ದೀಪ, ಫೋನು, ಲ್ಯಾಪ್‌ಟಾಪ್, ಚಾವಣಿಯ ಫ್ಯಾನು. ಆ ಫ್ಯಾನು ಗಾಳಿಗೆ ಮಾತ್ರ ಅಂತ ನಾನು ತಿಳಿದಿದ್ದೆ. ಚಳಿ ಅಂತ ಒಂದು ರಾತ್ರಿ ಆರಿಸಿ ಮಲಗಿದೆ. ಬೆಳಗ್ಗೆ ಎದ್ದಾಗ ಕಿಟಕಿ ಗಾಜಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಸಿಗೆಯ ಅಂಚು ಒದ್ದೆ. ಎಲ್ಲ ನಮ್ಮಿಬ್ಬರ ಉಸಿರೇ. ತಿಂಗಳುಗಟ್ಟಲೆ ಹೀಗಾದರೆ ಗೋಡೆಯ ಒಳಗೆ ಬೂಷ್ಟು ಹಿಡಿಯುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಹಾಗಂತ ಬೆಚ್ಚಗಿರಲಿ ಅಂತ ಎಲ್ಲ ಮುಚ್ಚಿ ಒಳಗೆ ಗ್ಯಾಸ್ ಹಚ್ಚಿಟ್ಟು ಮಲಗಿದರೆ ಅದು ಇನ್ನೂ ಅಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇಷ್ಟೆಲ್ಲ ಆದರೂ ಆ ಹತ್ತು ದಿನ ನನಗೆ ಬಹಳ ಹಿಡಿಸಿತು. ಎರಡು ತಟ್ಟೆ, ಎರಡು ಲೋಟ, ನಾಲ್ಕು ಜೊತೆ ಬಟ್ಟೆಯಲ್ಲಿ ಏನೂ ಕಡಿಮೆ ಅನ್ನಿಸಲಿಲ್ಲ. ಸಂಜೆ ಹೊರಗೆ ಕುರ್ಚಿ ಹಾಕಿ ಕೂತರೆ ಆಕಾಶವೆಲ್ಲ ನಮ್ಮದೇ. ಈ ಬದುಕಿನ ಆಸೆ ಹುಸಿಯಲ್ಲ.

ಆದರೆ ಗಮನಿಸಿ. ಮನೆ ಬಿಟ್ಟವರಿಗೆ ಮನೆ ಮಾಡುತ್ತಿದ್ದ ಕೆಲಸಗಳು ಬಿಡುವುದಿಲ್ಲ. ಅವು ಊರಿನ ಪಾಲಿಗೆ ಬರುತ್ತವೆ. ಸ್ನಾನಕ್ಕೆ ಜಿಮ್ಮು. ದೇಶದ ತುಂಬ ಶಾಖೆಗಳಿರುವ ಪ್ಲಾನೆಟ್ ಫಿಟ್‌ನೆಸ್‌ಗೆ ತಿಂಗಳಿಗೆ ಇಂತಿಷ್ಟು ಅಂತ ಕಟ್ಟಿ, ಎಷ್ಟೋ ಮಂದಿ ಬರೀ ಷವರ್‌ಗೆ ಹೋಗುತ್ತಾರೆ. ಬಟ್ಟೆಗೆ ಲಾಂಡ್ರಿ ಅಂಗಡಿ. ಚಾರ್ಜಿಂಗ್‌ಗೆ, ಸೆಖೆ ತಪ್ಪಿಸಿಕೊಳ್ಳಲು ಪಬ್ಲಿಕ್ ಲೈಬ್ರರಿ. ರಾತ್ರಿ ನಿಲ್ಲಲು ವಾಲ್‌ಮಾರ್ಟ್ ಪಾರ್ಕಿಂಗ್, ಅದೂ ಆ ಅಂಗಡಿಯ ಮ್ಯಾನೇಜರ್ ಒಪ್ಪಿದರೆ, ಊರಿನ ಕಾನೂನು ಅಡ್ಡ ಬರದಿದ್ದರೆ. ಮನೆ ಚಿಕ್ಕದಾದಷ್ಟೂ ಊರು ದೊಡ್ಡ ಮನಸ್ಸಿನದಾಗಿರಬೇಕು. ಕಾಸಿದ್ದವರು ಇದನ್ನೆಲ್ಲ ಕೊಂಡುಕೊಳ್ಳುತ್ತಾರೆ. ಇಲ್ಲದವರು ಬೇಡಬೇಕಾಗುತ್ತದೆ.

ವಿಳಾಸದ್ದು ಇನ್ನೊಂದು ಕಥೆ. ಡ್ರೈವಿಂಗ್ ಲೈಸೆನ್ಸ್, ವಿಮೆ, ಬ್ಯಾಂಕು, ತೆರಿಗೆ, ಓಟು, ಎಲ್ಲಕ್ಕೂ ವಿಳಾಸ ಬೇಕು. ಇದಕ್ಕೆ ಗಾಡಿವಾಸಿಗಳು ಕಂಡುಕೊಂಡ ದಾರಿ ಸೌತ್ ಡಕೋಟ. ಅಲ್ಲಿ ಕಾಗದಪತ್ರ ತರಿಸಿಕೊಂಡು ಮುಂದಕ್ಕೆ ಕಳಿಸುವ ಏಜೆನ್ಸಿಯಲ್ಲಿ ಒಂದು ವಿಳಾಸ ಮಾಡಿಸಿ, ಒಂದು ರಾತ್ರಿ ಕ್ಯಾಂಪಿನಲ್ಲೋ ಹೋಟೆಲಿನಲ್ಲೋ ತಂಗಿದ ರಶೀದಿ ತೋರಿಸಿದರೆ ಲೈಸೆನ್ಸ್ ಸಿಗುತ್ತದೆ. ರಾಜ್ಯದ ಆದಾಯ ತೆರಿಗೆಯೂ ಇಲ್ಲ. ಆದರೆ 2023ರಲ್ಲಿ ಅದೇ ರಾಜ್ಯ, ಓಟಿನ ಪಟ್ಟಿಗೆ ಸೇರಬೇಕಾದರೆ 30 ದಿನ ಅಲ್ಲಿ ವಾಸ ಇರಬೇಕು ಅಂತ ಕಾನೂನು ಮಾಡಿತು. ಗಾಡಿ ಓಡಿಸಬಹುದು, ಓಟು ಹಾಕುವುದು ಕಷ್ಟ. ಆರೋಗ್ಯ ವಿಮೆಯದೂ ಇದೇ ಪಾಡು. 65 ದಾಟಿದವರ ಮೂಲ ಮೆಡಿಕೇರ್ ಯಾವ ರಾಜ್ಯಕ್ಕೆ ಹೋದರೂ ನಡೆಯುತ್ತದೆ. ಬಡವರ ಮೆಡಿಕೇಡ್ ಆಯಾ ರಾಜ್ಯಕ್ಕೇ ಕಟ್ಟುಬಿದ್ದದ್ದು.

ಇನ್ನು ನಿಲ್ಲುವ ಕಾನೂನು. ಇಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು.

ಪಶ್ಚಿಮದ ರಾಜ್ಯಗಳಲ್ಲಿ ಕೇಂದ್ರ ಸರ್ಕಾರದ ಖಾಲಿ ಭೂಮಿ ಬೇಕಾದಷ್ಟಿದೆ. ಅದನ್ನು ನೋಡಿಕೊಳ್ಳುವುದು ಬಿಎಲ್‌ಎಂ ಎಂಬ ಭೂ ನಿರ್ವಹಣಾ ಇಲಾಖೆ. ಸಾಮಾನ್ಯವಾಗಿ ಒಂದು ಕಡೆ 14 ದಿನ ಬಿಟ್ಟಿ ಇರಬಹುದು. ಆಮೇಲೆ ಎದ್ದು ದೂರ ಹೋಗಬೇಕು. ಕ್ವಾರ್ಟ್‌ಜೈಟ್ ಪಕ್ಕದ ಲಾ ಪೋಸಾದಂಥ ಕೆಲವು ಕಡೆ ಮಾತ್ರ ಚಳಿಗಾಲದ ಏಳು ತಿಂಗಳಿಗೆ, ಅಂದರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ತನಕ, ಒಂದೇ ಸಲ ದುಡ್ಡು ಕಟ್ಟಿ ಕೂರಬಹುದು. ಬಹಳ ವರ್ಷ ಅದು 180 ಡಾಲರ್ ಇತ್ತು. ನೀರು, ಡಂಪ್ ಸ್ಟೇಷನ್ ಎಲ್ಲ ಅದರಲ್ಲೇ. ಎರಡೂವರೆ ಸಾವಿರ ಜನರ ಊರು ಆ ಕಾಲಕ್ಕೆ ಗಾಡಿಗಳಿಂದ ತುಂಬಿಹೋಗುತ್ತದೆ. ಹೆಚ್ಚಿನವರು ತಲೆ ನರೆತವರು. ಸಾಯಂಕಾಲ ಒಬ್ಬರ ಗಾಡಿ ಮುಂದೆ ಇನ್ನೊಬ್ಬರು ಕುರ್ಚಿ ತಂದು ಕೂರುತ್ತಾರೆ. ಥೇಟ್ ನಮ್ಮೂರಿನ ಜಗಲಿ.

ಆದರೆ ಮರುಭೂಮಿಯಲ್ಲಿ ಕೆಲಸ ಇಲ್ಲ. ಕೆಲಸ ಇರುವುದು ಪೇಟೆಯಲ್ಲಿ. ಪೇಟೆಯಲ್ಲಿ ನಿಲ್ಲಲು ಬಿಡುವುದಿಲ್ಲ. ಗಂಟು ಇರುವುದು ಇಲ್ಲಿ.

ಲಾಸ್ ಏಂಜಲೀಸ್‌ನಲ್ಲಿ 1983ರಿಂದಲೂ ಗಾಡಿಯನ್ನು ‘ವಾಸಕ್ಕೆ’ ಬಳಸಬಾರದು ಅಂತ ನಿಯಮ ಇತ್ತು. ವಾಸ ಅಂದರೆ ಏನು? ಕಂಬಳಿ ಇದ್ದರೆ ವಾಸವೇ? ತಿಂಡಿ ಡಬ್ಬಿ ಇದ್ದರೆ? ಯಾರಿಗೂ ಸ್ಪಷ್ಟ ಇರಲಿಲ್ಲ. 2014ರಲ್ಲಿ ಮೇಲ್ಮನವಿ ಕೋರ್ಟು ಆ ನಿಯಮ ತೀರಾ ಅಸ್ಪಷ್ಟ ಅಂತ ಹೊಡೆದುಹಾಕಿತು. ಸಿಯಾಟಲ್‌ನ ಸ್ಟೀವನ್ ಲಾಂಗ್ ಅವರದು ಇನ್ನೊಂದು ಕೇಸು. ಸ್ಟೇಡಿಯಂ ಒಂದರಲ್ಲಿ ಗುಡಿಸಿ ಒರೆಸುವ ಕೆಲಸ, ಪಿಕಪ್ ಟ್ರಕ್ಕಿನಲ್ಲಿ ವಾಸ. 2016ರಲ್ಲಿ 72 ಗಂಟೆ ಮೀರಿತು ಅಂತ ಟ್ರಕ್ಕನ್ನು ಎಳೆದುಕೊಂಡು ಹೋದರು. ಅವರ ಕಸುಬಿನ ಸಾಮಾನುಗಳೂ ಅದರೊಳಗೇ ಇದ್ದವು. ಬಿಡಿಸಿಕೊಳ್ಳಲು 547 ಡಾಲರ್, ತಿಂಗಳಿಗೆ 50ರಂತೆ ಕಂತು. ಅವರ ತಿಂಗಳ ದುಡಿಮೆಯೇ ಕೆಲವು ನೂರು ಡಾಲರ್. 2021ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು ಆ ಟ್ರಕ್ಕೇ ಅವರ ಮನೆ ಅಂತ ಒಪ್ಪಿತು, ಅವರ ಮೇಲೆ ಹೇರಿದ ಮೊತ್ತ ಅತಿಯಾಯಿತು ಅಂತಲೂ ಹೇಳಿತು.

2024ರ ಜೂನ್‌ನಲ್ಲಿ ದಿಕ್ಕು ಬದಲಾಯಿತು. ಓರೆಗನ್‌ನ ಗ್ರ್ಯಾಂಟ್ಸ್ ಪಾಸ್ ಎಂಬ ಸಣ್ಣ ಪಟ್ಟಣ, ಸಾರ್ವಜನಿಕ ಜಾಗದಲ್ಲಿ ಬೀಡುಬಿಟ್ಟು ಮಲಗುವವರಿಗೆ ದಂಡ ಹಾಕಬಹುದೇ ಅನ್ನುವ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟು 6–3ರ ಬಹುಮತದಲ್ಲಿ ‘ಹಾಕಬಹುದು’ ಅಂದಿತು. ಪತ್ರಿಕೆಗಳಲ್ಲಿ ಇದು ಡೇರೆ ಹಾಕಿಕೊಂಡವರ ಕೇಸು ಅಂತಲೇ ಬಂತು. ಆದರೆ ಕೇಸಿನ ಹೆಸರಿನಲ್ಲಿರುವ ಜಾನ್ಸನ್ ಇದ್ದದ್ದು ಡೇರೆಯಲ್ಲಲ್ಲ. ಗ್ಲೋರಿಯಾ ಜಾನ್ಸನ್ ನಿವೃತ್ತ ನರ್ಸ್. ವ್ಯಾನಿನಲ್ಲಿ ಬದುಕುತ್ತಿದ್ದವರು. ಜೀವಮಾನವೆಲ್ಲ ಬೇರೆಯವರನ್ನು ನೋಡಿಕೊಂಡ ಹೆಂಗಸು ರಾತ್ರಿ ಗಾಡಿ ಎಲ್ಲಿ ನಿಲ್ಲಿಸಲಿ ಅಂತ ಕೋರ್ಟಿಗೆ ಹೋಗಬೇಕಾಯಿತು ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

ನಮ್ಮ ಪಕ್ಕದ ಮೌಂಟನ್ ವ್ಯೂ ಕಥೆ ನಮಗೆ ಇನ್ನೂ ಹತ್ತಿರದ್ದು. ಗೂಗಲ್‌ನ ಮುಖ್ಯ ಕಚೇರಿ ಇರುವ ಊರು. ನಮ್ಮ ಕನ್ನಡದವರು ಎಷ್ಟೋ ಜನ ಅಲ್ಲೇ ಇದ್ದಾರೆ, ಮನೆ ಕೊಂಡಿದ್ದಾರೆ. 2020ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಇಕ್ಕಟ್ಟಾದ ರಸ್ತೆಗಳಲ್ಲಿ ದೊಡ್ಡ ಗಾಡಿ ನಿಲ್ಲಿಸಬಾರದು ಅನ್ನುವ ನಿಯಮವನ್ನು ಓಟು ಹಾಕಿ ಒಪ್ಪಿದರು. ಊರಿನ ಬಹುಪಾಲು ರಸ್ತೆ ಆ ಲೆಕ್ಕದಲ್ಲಿ ಇಕ್ಕಟ್ಟೇ. ಗಾಡಿವಾಸಿಗಳ ಪರ ವಕೀಲರು ಕೋರ್ಟಿಗೆ ಹೋದರು. 2022ರಲ್ಲಿ ರಾಜಿಯಾಗಿ, ಕನಿಷ್ಠ ಮೂರು ಮೈಲಿ ರಸ್ತೆಯನ್ನು ಅವರಿಗೆ ಬಿಡಲು ನಗರಸಭೆ ಒಪ್ಪಿತು.

ರಸ್ತೆಯ ಮನೆಯವರ ದೂರು ಸುಳ್ಳಲ್ಲ. ಚರಂಡಿಗೆ ಕೊಳೆ ನೀರು ಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಜನರೇಟರ್ ಸದ್ದಿಗೆ ಮಗು ಏಳುತ್ತದೆ ಅಂತ ಒಬ್ಬ ಗೆಳತಿ ಹೇಳಿದ್ದೂ ನಿಜ. ಆದರೆ ಡಂಪ್ ಸ್ಟೇಷನ್ ಇಲ್ಲದ ಊರಿನಲ್ಲಿ ಆ ನೀರು ಎಲ್ಲಿಗೆ ಹೋಗಬೇಕು? ಗಾಡಿ ಎತ್ತಿಸಿದರೆ ಅದರೊಳಗಿನ ಅಡುಗೆಯವ, ಕಟ್ಟಡ ಕೆಲಸದವ ಪಕ್ಕದ ಊರಿಗೆ ಹೋಗುತ್ತಾನೆ. ಬೆಳಗ್ಗೆ ಮತ್ತೆ ಇದೇ ಊರಿಗೆ ಕೆಲಸಕ್ಕೆ ಬರುತ್ತಾನೆ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಬಡಿಸುವ ಒಬ್ಬರು ಹೀಗೇ ಆರ್‌ವಿಯಲ್ಲಿರುವುದು ನನಗೆ ಗೊತ್ತಾದದ್ದು ಅವರ ಪರಿಚಯವಾಗಿ ಎರಡು ವರ್ಷದ ಮೇಲೆ.

ದುಡ್ಡಿನ ಬಗ್ಗೆ ವಿಡಿಯೊಗಳು ಹೇಳದ ಒಂದು ವಿಷಯ ಇದೆ. ಮನೆ ಗ್ಯಾರೇಜಿಗೆ ಹೋಗುವುದಿಲ್ಲ. ಗಾಡಿ ಹೋಗುತ್ತದೆ. ಗೇರ್‌ಬಾಕ್ಸ್ ಕೆಟ್ಟು ಮೂರು ದಿನ ಮೆಕ್ಯಾನಿಕ್ ಹತ್ತಿರ ಬಿಡಬೇಕಾದರೆ ರಿಪೇರಿಗೆ ಸಾವಿರಗಟ್ಟಲೆ ಡಾಲರ್, ಅದರ ಮೇಲೆ ಮೂರು ರಾತ್ರಿ ಹೋಟೆಲು. ಅಣ್ಣನ ಮನೆಯೋ ಗೆಳೆಯನ ಸೋಫಾವೋ ಇದ್ದವರಿಗೆ ಇದು ತೊಂದರೆ. ಇಲ್ಲದವರಿಗೆ ಆ ಮೂರು ರಾತ್ರಿ ಫುಟ್‌ಪಾತು. ಹೊಸ ಸ್ಪ್ರಿಂಟರ್ ವ್ಯಾನ್ ಕೊಂಡು ಒಳಗೆಲ್ಲ ಮಾಡಿಸಿದರೆ ಒಂದು ಲಕ್ಷ ಡಾಲರ್ ದಾಟುವುದು ಮಾಮೂಲು. ಅಷ್ಟು ಹಾಕಿದವರ ಗಾಡಿ ಕೆಡುವುದೂ ಕಡಿಮೆ. ರಸ್ತೆಯಲ್ಲಿ ನಿಂತಿರುವುದು ಮೂವತ್ತು ವರ್ಷದ ಹಳೇ ಗಾಡಿಗಳು. ಅಂಥ ಗಾಡಿಗಳಲ್ಲಿ ಇರುವ ಎಷ್ಟೋ ಮಂದಿ ಊರೂರು ತಿರುಗಿ ಹಂಗಾಮಿ ಕೆಲಸ ಹಿಡಿಯುತ್ತಾರೆ. ನಾರ್ತ್ ಡಕೋಟ, ಮಿನ್ನೆಸೋಟ ಕಡೆ ಅಕ್ಟೋಬರ್‌ನಲ್ಲಿ ಸಕ್ಕರೆ ಬೀಟ್‌ ಕೊಯ್ಲಿಗೆ ದಿನಕ್ಕೆ 12 ಗಂಟೆಯ ಪಾಳಿ. ಅಮೆಜಾನ್ 2008ರಿಂದ ಸುಮಾರು ಒಂದೂವರೆ ದಶಕ ಹಬ್ಬದ ಕಾಲಕ್ಕೆ ಗೋದಾಮುಗಳಿಗೆ ಆರ್‌ವಿ ಮಂದಿಯನ್ನೇ ಕರೆಸಿಕೊಳ್ಳುತ್ತಿತ್ತು. ಎಪ್ಪತ್ತು ದಾಟಿದವರೂ ಅಲ್ಲಿ ದುಡಿದಿದ್ದಾರೆ.

ಅಕ್ಕನ ಮಗನಿಗೆ ನಾನು ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವನು ‘ಅದು ಅಮೆರಿಕ, ಮಾಮ’ ಅಂದ. ಸರಿ, ನಮ್ಮ ಕಡೆಯದನ್ನೂ ನೋಡೋಣ. ಟಿಟಿ ಕೊಂಡು ಸೀಟು ಕಿತ್ತು ಹಾಸಿಗೆ ಹಾಕಿದರೆ ಆಗಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆ ಥರ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ವಾಸಕ್ಕೆ ಅಂತಲೇ ಮಾಡುವ ‘ಮೋಟಾರ್ ಕ್ಯಾರವಾನ್’ಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡ ಇದೆ. ಆ ದಾರಿಯಲ್ಲಿ ಹೋದರೆ ಮಾತ್ರ ಆರ್‌ಟಿಒ ಕಾಗದ ಸರಿ ಇರುತ್ತದೆ. ಕಾಗದ ಸರಿ ಇಲ್ಲದೆ ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತಬಹುದು.

ಇನ್ನೊಂದನ್ನೂ ಅವನಿಗೆ ನೆನಪಿಸಿದೆ. ಮನೆಯಿಲ್ಲದೆ ಊರೂರು ತಿರುಗುವುದು ನಮ್ಮಲ್ಲಿ ಹೊಸದಲ್ಲ. ಹಕ್ಕಿಪಿಕ್ಕಿ, ಬುಡಬುಡಿಕೆ, ಸುಡುಗಾಡು ಸಿದ್ಧರು ತಲೆಮಾರುಗಟ್ಟಲೆ ಹಾಗೇ ಬದುಕಿದವರು. ಬ್ರಿಟಿಷರು 1871ರಲ್ಲಿ ತಂದ ಕಾಯ್ದೆ ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿತು. ಅದು ಪೂರ್ತಿ ರದ್ದಾದದ್ದು 1952ರಲ್ಲಿ. ಇವತ್ತಿಗೂ ರೇಷನ್ ಕಾರ್ಡಿಗೆ, ಜಾತಿ ಪ್ರಮಾಣಪತ್ರಕ್ಕೆ ಹೋದರೆ ‘ಯಾವ ಊರು, ಎಷ್ಟು ವರ್ಷದಿಂದ ಇದ್ದೀರಿ’ ಅಂತಲೇ ಮೊದಲ ಪ್ರಶ್ನೆ. ಅವರು ಕೇಳುತ್ತಿರುವುದು ಒಂದು ಸೈಟು, ಒಂದು ಹಕ್ಕುಪತ್ರ. ಲ್ಯಾಪ್‌ಟಾಪ್ ಇರುವ ಹುಡುಗ ಊರ ಹೊರಗೆ ಗಾಡಿ ನಿಲ್ಲಿಸಿದರೆ ಜನ ಬಂದು ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ಅದೇ ಜಾಗದಲ್ಲಿ ಈ ಅಲೆಮಾರಿಗಳು ಗುಡಾರ ಹಾಕಿದರೆ ಪೊಲೀಸರಿಗೆ ಫೋನ್ ಹೋಗುತ್ತದೆ. ಇದು ಅವನಿಗೆ ನಾಟಿತು ಅನ್ನಿಸುತ್ತದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬೇಡ ಅಂತ ನಾನು ಹೇಳಲಿಲ್ಲ. ಮೊದಲು ಒಂದು ತಿಂಗಳು ಬಾಡಿಗೆ ಕ್ಯಾರವಾನ್‌ನಲ್ಲಿ ಇದ್ದು ನೋಡು ಅಂದೆ, ಮಳೆಗಾಲದಲ್ಲಿ. ಪ್ರತಿ ರಾತ್ರಿ ಎಲ್ಲಿ ನಿಲ್ಲಿಸಿದೆ, ಯಾರನ್ನು ಕೇಳಿದೆ, ಕಕ್ಕಸಿಗೆ ಎಲ್ಲಿಗೆ ಹೋದೆ ಅಂತ ಬರೆದಿಡು ಅಂದೆ.

ಊರುಗಳು ಮಾಡಬಹುದಾದದ್ದು ತೀರಾ ದೊಡ್ಡದೇನಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ 2004ರಿಂದ ‘ಸೇಫ್ ಪಾರ್ಕಿಂಗ್’ ನಡೆಯುತ್ತಿದೆ. ಚರ್ಚು, ಕಚೇರಿಗಳ ಪಾರ್ಕಿಂಗ್ ಜಾಗ ರಾತ್ರಿ ಖಾಲಿ ಇರುತ್ತದೆ. ಅಲ್ಲಿ ಗಾಡಿವಾಸಿಗಳಿಗೆ ನಿಲ್ಲಲು ಬಿಡುತ್ತಾರೆ, ಮನೆ ಹುಡುಕಲೂ ಸಹಾಯ ಮಾಡುತ್ತಾರೆ. ಆಮೇಲೆ ಎಷ್ಟೋ ಊರುಗಳು ಇದನ್ನು ಅನುಸರಿಸಿದವು. ಹೆಚ್ಚಿನ ಕಡೆ ಬೆಳಗಾಗುತ್ತಲೇ ಜಾಗ ಬಿಡಬೇಕು. ರಾತ್ರಿ ಪಾಳಿ ಮಾಡುವವರಿಗೆ, ಕಾಯಿಲೆಯವರಿಗೆ ಇದರಿಂದ ಅರ್ಧ ಉಪಯೋಗ ಮಾತ್ರ. ಮೌಂಟನ್ ವ್ಯೂನಲ್ಲಿ ಕೆಲವು ಕಡೆ ಹಗಲೂ ರಾತ್ರಿಯೂ ಇರಲು ಬಿಟ್ಟಿದ್ದಾರೆ. ಜಾಗಕ್ಕಿಂತ ಕಾಯುವವರು ಜಾಸ್ತಿ.

ಕ್ಯಾಂಟೀನಿನ ಆ ಪರಿಚಯದವರಿಗೆ ಹೋದ ವರ್ಷ ಅಂಥ ಒಂದು ಜಾಗ ಸಿಕ್ಕಿತು. ಒಂದು ಭಾನುವಾರ ಹಣ್ಣು ತೆಗೆದುಕೊಂಡು ನೋಡಿ ಬರಲು ಹೋಗಿದ್ದೆ. ರಸ್ತೆ ಬದಿಯಲ್ಲಿದ್ದಾಗ ಅವರ ಗಾಡಿಯ ಹೊರಗೆ ಒಂದು ಕಡ್ಡಿಯೂ ಇರುತ್ತಿರಲಿಲ್ಲ. ಯಾವಾಗ ಎಬ್ಬಿಸಿದರೂ ಸ್ಟಾರ್ಟ್ ಮಾಡಿ ಹೊರಡುವ ಹಾಗೆ ಎಲ್ಲ ಒಳಗೇ. ಈಗ ಮೆಟ್ಟಿಲ ಕೆಳಗೆ ಒಂದು ಚಾಪೆ ಹಾಸಿದ್ದರು. ಅದರ ಮೇಲೆ ಎರಡು ಜೊತೆ ಚಪ್ಪಲಿ.